ನಮ್ಮ ಲೇಔಟ್ ಬಸ್ 8 ಟ್ರಿಪ್ ಇದ್ದಿದ್ದು 2 ಆಗಿದೆ, ಯಾರನ್ನ ಹಿಡಿದು ಕೇಳೋದು? ಅನುಭವ ಇರೋರು ಹೇಳಿ

ಕೊನೇ ಸೈಟು:
ಕನಕಪುರ ರೋಡ್ ಕಡೆಯೋರು ನಾವು. ಮೆಟ್ರೊ ಸ್ಟೇಷನ್ನಿಂದ ಲೇಔಟ್‌ಗೆ ಮೂರೂವರೆ ಕಿಲೋಮೀಟರ್. ಹೋದ ವರ್ಷದವರೆಗೆ ದಿನಕ್ಕೆ 8 ಟ್ರಿಪ್ ಬಸ್ ಬರ್ತಿತ್ತು, ಈಗ ಬೆಳಗ್ಗೆ 7.10ಕ್ಕೆ ಒಂದು, ಸಂಜೆ ದೇವರಿಚ್ಛೆ ಇದ್ದಾಗ ಒಂದು. ಮಗಳು ಪಿಯುಸಿ, ಬರೋವಾಗ ಆಟೊಗೇ ದಿನಾ 90 ರೂ. ಹೋಗ್ತಿದೆ. ಫೋನ್ ಮಾಡಿದ್ರೆ "ನೋಡ್ತೀವಿ ಸಾರ್" ಅಂತಾರೆ. ಸ್ಟಾಪಲ್ಲಿದ್ದ ಶೆಲ್ಟರ್‌ನೂ ಪೈಪ್ ಹಾಕೋಕೆ ಅಂತ ಕಿತ್ಕೊಂಡು ಹೋದೋರು ವಾಪಸ್ ತಂದಿಲ್ಲ. ಆರ್‌ಟಿಐ ಹಾಕೋದಾ, ಎಮ್ಮೆಲ್ಲೆ ಹತ್ರ ಹೋಗೋದಾ, ಲೋಕಾಯುಕ್ತನಾ? ಮಾಡಿ ನೋಡಿದೋರು ದಯವಿಟ್ಟು ಹೇಳಿ.

ಪೋಸ್ಟಲ್ ಆರ್ಡರ್:
ಆರ್‌ಟಿಐ. ಬೇರೆ ಮಾತೇ ಇಲ್ಲ. ನಂದು ಬೇರೆ ರೂಟು, ಬೇರೆ ದಿಕ್ಕು, ಆದ್ರೂ ಕೇಳಿ. 2022ರಲ್ಲಿ ಮೊದಲನೇ ಅರ್ಜಿ ಹಾಕಿದಾಗ ಉತ್ಸಾಹದಲ್ಲಿ ಎಲ್ಲಾ ತುಂಬಿಸಿಬಿಟ್ಟೆ, ಬಸ್ ಎಷ್ಟಿವೆ, ಟ್ರಿಪ್ ಯಾಕೆ ಕಟ್ ಆಯ್ತು, ಶೆಲ್ಟರ್ ಯಾರ ಸ್ವತ್ತು, ರೋಡಿಗೆ ಟಾರ್ ಯಾವಾಗ ಅಂತ. 29ನೇ ದಿನ ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅಂತ ಇದೆಯಂತೆ, ಇದೆ ನಿಜ, ಆಮೇಲೆ ಓದಿದೆ. ಆದ್ರೆ 30 ದಿನದ ಗಡುವಲ್ಲಿ ಅದನ್ನ ಹೇಳೋಕೆ 29 ದಿನ ಕಾದ್ರಲ್ಲ, ಆ ಮನುಷ್ಯನಿಗೆ ಕ್ಯಾಲೆಂಡರ್ ಓದೋಕೆ ಚೆನ್ನಾಗಿ ಬರುತ್ತೆ.

ಎರಡನೇ ಸಲ ಪೆನ್ಸಿಲ್ ಹಿಡಿದು ಒಂದೊಂದೇ ಪದ ಎಣಿಸಿದೆ. ಇಲ್ಲೊಂದು ಗುಟ್ಟಿದೆ, ಕನ್ನಡದಲ್ಲೇ ಬರೀರಿ. "ಸಂಚರಿಸಬೇಕಾಗಿದ್ದರೂ ಸಂಚರಿಸದಿರುವುದಕ್ಕೆ" ಅಂದ್ರೆ ಎರಡೇ ಪದ. ಇದನ್ನೇ ಇಂಗ್ಲಿಷಲ್ಲಿ ಬರೆಯೋಕೆ ಹೋದ್ರೆ ನಿಮ್ಮ 150 ಅಲ್ಲೇ ಸೋರಿಹೋಗುತ್ತೆ. ಸಂಧಿ ಸಮಾಸ ಕಲಿಸಿದ ಮೇಷ್ಟ್ರನ್ನ ಅವತ್ತು ನೆನೆಸಿಕೊಂಡೆ.

ಖರ್ಚು: ಶುಲ್ಕ 10 ರೂ. ಎರಡು ಸಲ, 20. ರಿಜಿಸ್ಟರ್ಡ್ ಪೋಸ್ಟು ಮೂರು ಸಲದ್ದೂ ಸೇರಿ 96 (ಈಗ ಅದೂ ಇಲ್ಲ, ಸ್ಪೀಡ್ ಪೋಸ್ಟಲ್ಲಿ ಸೇರಿಸಿಬಿಟ್ರು). ಜೆರಾಕ್ಸ್ 38. ಮೊದಲನೇ ಅಪೀಲಿನ ದಿನ ಅರ್ಧ ರಜ, ಆಟೊ ಹೋಗೋಕೆ 130, ಬರೋಕೆ ಮಳೆ ಅಂತ 210. ಕೊನೆಗೆ ಕೊಟ್ಟಿದ್ದು 62 ಪುಟ, ಪುಟಕ್ಕೆ 2 ರೂ. ಹಾಗೆ 124. ಒಟ್ಟು 618 ರೂ. ಮತ್ತೆ ಅರ್ಧ ದಿನದ ಸಂಬಳ. ಆ 62 ಪುಟದಲ್ಲಿ ನಂಗೆ ಬೇಕಿದ್ದಿದ್ದು ಮೂರು ಪುಟ, ಅದರಲ್ಲಿ 92 ದಿನದ ಲೆಕ್ಕ, 41 ದಿನ ಸಂಜೆ ಟ್ರಿಪ್ ರದ್ದು, ಕಾರಣದ ಕಾಲಂನಲ್ಲಿ ಉದ್ದಕ್ಕೂ "ಸಿಬ್ಬಂದಿ ಇಲ್ಲ, ಸಿಬ್ಬಂದಿ ಇಲ್ಲ" ಒಂದೇ ಕೈಬರಹ, ಒಂದೇ ಪೆನ್ನು, ಒಂದೇ ಸಲ ಕೂತು ಬರೆದ ಹಾಗೆ. ಅದನ್ನ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೀನಿ. ಎರಡು ತಿಂಗಳಿಗೆ 2 ಟ್ರಿಪ್ ವಾಪಸ್ ಬಂತು. ನಾಲ್ಕು ಕೇಳಿದ್ದೆ.

ಮಾಜಿ ಬಿಲ್ಲೆ:
"ಸಿಬ್ಬಂದಿ ಇಲ್ಲ" ಅಂದ್ರೆ ಸಿಬ್ಬಂದಿ ಇಲ್ಲ ಅಂತಾನೇ ಅರ್ಥ ಸ್ವಾಮಿ. ಅದನ್ನ ಲ್ಯಾಮಿನೇಟ್ ಮಾಡಿಸಿಕೊಂಡು ಏನು ಪೂಜೆ ಮಾಡ್ತೀರಾ?

26 ವರ್ಷ ಕಂಡಕ್ಟರ್ ಕೆಲಸ ಮಾಡಿದೋನು ನಾನು. 1997ರಲ್ಲಿ ಸಿಟಿ ಬಸ್ಸನ್ನ ಬೇರೆ ಸಂಸ್ಥೆ ಮಾಡಿದಾಗ ಸೇರಿದ ಹೊಸದು. ಫಾರಂ 4 ಅಂತ ಟ್ರಿಪ್ ಟೈಮಿಂಗ್ ಪಟ್ಟಿ, ಅದರಲ್ಲಿ ಒಂದು ಟ್ರಿಪ್‌ಗೆ 50 ನಿಮಿಷ ಅಂತ ಹಾಕಿರ್ತಾರೆ, ಯಾವ ಕಾಲದ 50 ನಿಮಿಷನೋ, ಸಿಲ್ಕ್ ಬೋರ್ಡ್ ದಾಟೋದಕ್ಕೇ 40 ಆಗುತ್ತೆ. ನಾಲ್ಕು ಟ್ರಿಪ್ ಎಳೆಯೋ ಹೊತ್ತಿಗೆ ಡ್ಯೂಟಿ ಟೈಮ್ ಮುಗಿದಿರುತ್ತೆ, ಐದನೇದು ಕಟ್. ಕಟ್ ಆಗೋದು ಯಾವಾಗ್ಲೂ ನಿಮ್ಮಂಥ ಲೇಔಟ್ ಟ್ರಿಪ್ಪೇ, ಕಲೆಕ್ಷನ್ ಇರಲ್ಲ ಅಂತ. ಮೇಲಿನೋನು ಕೇಳೋದು ಕಿಲೋಮೀಟರಿಗೆ ಎಷ್ಟು ಬಂತು ಅಂತ, ಕಾಲೇಜು ಮಕ್ಕಳು ನಿಂತಿದ್ರಾ ಅಂತ ಅಲ್ಲ. 2019ರಲ್ಲಿ ಔಟರ್ ರಿಂಗ್ ರೋಡಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ರು ನೆನಪಿದ್ಯಾ? ಅದರಲ್ಲಿ ಗಾಡಿ ಎಷ್ಟು ಬೇಗ ಹೋಗ್ತಿತ್ತು ಅಂದ್ರೆ ಸ್ಟೇಜ್ ಬರೋದ್ರೊಳಗೆ ಟಿಕೆಟ್ ಕೊಟ್ಟು ಮುಗಿಸೋಕೆ ಆಗ್ತಿರಲಿಲ್ಲ. ಅದೂ ಹೋಯ್ತು. ಆಗ ಯಾರೂ ಆರ್‌ಟಿಐ ಹಾಕ್ಲಿಲ್ಲ, ಕಾರಲ್ಲಿ ಹೋಗೋರಿಗೆ ಖುಷಿಯಾಯ್ತು.

2021 ಏಪ್ರಿಲ್ ಮುಷ್ಕರದಲ್ಲಿ ನಮ್ಮ ಬೀದಿಯೋರೇ ನನ್ನ ಮಾತಾಡಿಸ್ತಿರಲಿಲ್ಲ. ಇರಲಿ ಬಿಡಿ.

ಪೋಸ್ಟಲ್ ಆರ್ಡರ್:
ನಾನು ಕಂಡಕ್ಟರ್‌ನ ಬೈದೇ ಇಲ್ಲ, ಸರಿಯಾಗಿ ಓದಿ. ಮಾಹಿತಿ ಕೊಡದೇ ಇರೋ ಅಧಿಕಾರಿಗೆ ದಿನಕ್ಕೆ 250 ರೂ. ದಂಡ, 25,000ದವರೆಗೆ, ಅವನ ಸಂಬಳದಿಂದ. ಆ ಭಯ ಒಂದೇ ಈ ಊರಲ್ಲಿ ಕೆಲಸ ಮಾಡೋದು.

ಎರಡನೇ ಕ್ರಾಸ್:
ನಾವು ಎಮ್ಮೆಲ್ಲೆ ಹತ್ರ ಹೋದೋರು. ಯಾವ ಪಕ್ಷ ಅಂತ ಹೇಳಲ್ಲ, ಎಲ್ಲಾ ಒಂದೇ. 412 ಸಹಿ ಮಾಡಿಸಿದ್ವಿ, ಅದರಲ್ಲಿ 60 ನಮ್ಮತ್ತೇನೇ ಮನೆ ಮನೆಗೆ ಹೋಗಿ ಮಾಡಿಸಿದ್ದು, ಮಂಡಿ ನೋವು ಇಟ್ಕೊಂಡು. ನಾಲ್ಕು ಸಲ ಆಫೀಸಿಗೆ ಹೋಗಿ ಬಾಗಿಲಲ್ಲಿ ಕೂತ ಮೇಲೆ ಬಸ್ ಬಂತು. ಬಂತು ಅಂದ್ರೆ ಹೇಗೆ! ಕನ್ನಡಿ ಎರಡಕ್ಕೂ ಬಾಳೆಕಂದು ಕಟ್ಟಿ, ಗ್ಲಾಸಿಗೆ ಅರಿಶಿನ ಕುಂಕುಮ ಬಳಿದು, ಚೆಂಡು ಹೂವಿನ ಹಾರ ವೈಪರ್‌ಗೆ ಸಿಕ್ಕಿಕೊಂಡು ಡ್ರೈವರ್‌ಗೆ ರೋಡೇ ಕಾಣಲ್ಲ ಅನ್ನೋ ಹಾಗೆ. ಚಕ್ರಕ್ಕೆ ನಿಂಬೆಹಣ್ಣು, ಫೋಟೊ, ಭಾಷಣ. ಶಾಮಿಯಾನ 1,800, ಹಾರ ಬಾಳೆಕಂದು 640, ಮೈಸೂರು ಪಾಕು ನಾಲ್ಕು ಕೇಜಿ, ಅದರ ರೇಟ್ ಕೇಳ್ಬೇಡಿ. ಮೂರು ವಾರ ಓಡ್ತು. ನಾಲ್ಕನೇ ವಾರ ಬರ್ಲಿಲ್ಲ. ಯಾಕೆ ಅಂದ್ರೆ "ಅದು ಬೇರೆ ರೂಟಿನ ಗಾಡಿ ಮೇಡಂ, ತಾತ್ಕಾಲಿಕವಾಗಿ ಕೊಟ್ಟಿದ್ದು". ಬಾಳೆಕಂದು ಒಣಗೋದ್ರೊಳಗೆ ಬಸ್ ಹೋಯ್ತು. ಆ ದುಡ್ಡೆಲ್ಲಾ ನಮ್ಮನೇದು, ಅಸೋಸಿಯೇಷನ್ನೋರು ಒಂದು ರೂಪಾಯಿ ಬಿಚ್ಚಲಿಲ್ಲ.

ಖಜಾಂಚಿ:
ಎರಡನೇ ಕ್ರಾಸ್ ಮೇಡಂ, ಯಾವ ಲೇಔಟು ಅಂತ ಗೊತ್ತಾಯ್ತು. ಶಾಮಿಯಾನದ 1,800ರಲ್ಲಿ 1,000 ಅಸೋಸಿಯೇಷನ್ ಕೊಟ್ಟಿದೆ, ಲೆಡ್ಜರ್ ನನ್ನ ಹತ್ರಾನೇ ಇದೆ. ಸುಮ್ಮನೆ ಹತ್ತು ಜನದ ಮುಂದೆ ಹೆಸರು ಕೆಡಿಸ್ಬೇಡಿ.

ಎರಡನೇ ಕ್ರಾಸ್:
ಕೊಟ್ಟಿದ್ದು ಗಣೇಶನ ಹಬ್ಬದ ಶಾಮಿಯಾನಕ್ಕೆ! ಬಸ್ಸಿನ ಶಾಮಿಯಾನ ಬೇರೆ. ಲೆಡ್ಜರಲ್ಲಿ ತಾರೀಖು ನೋಡಿ.

ಇಪ್ಪತ್ತು ರೂಪಾಯಿ:
ಸಕಾಲ, ಅದೇ ಸರ್ಕಾರಿ ಸೇವೆ ಗಡುವಿನೊಳಗೆ ಕೊಡ್ಬೇಕು ಅನ್ನೋ ಕಾನೂನು, ಯಾರೂ ಹೇಳಲೇ ಇಲ್ವಲ್ಲ? ನಂದು ಖಾತಾ ವರ್ಗಾವಣೆ, ಗಡುವು ಮುಗಿದು 71 ದಿನ ಎಳೆದ್ರು. ಸಕಾಲದಲ್ಲಿ ತಡ ಮಾಡಿದ್ರೆ ದಿನಕ್ಕೆ 20 ರೂ. ಪರಿಹಾರ, ಗರಿಷ್ಠ 500. ಲೆಕ್ಕ ಹಾಕಿ, 25 ದಿನಕ್ಕೆ 500 ಮುಗೀತು, 26ನೇ ದಿನದಿಂದ ಆ ಗುಮಾಸ್ತನಿಗೆ ಸೋಮಾರಿತನ ಪೂರ್ತಿ ಉಚಿತ. 71 ಮೈನಸ್ 25, 46 ದಿನ ಅವನು ನನ್ನ ತಲೆ ಮೇಲೆ ಫ್ರೀಯಾಗಿ ಕೂತಿದ್ದ. 500 ಕೇಳೋಕೆ ಹೋದ್ರೆ "ಸಾರ್, ಖಾತಾ ಆಯ್ತಲ್ಲ, ಇನ್ನೇನು" ಅಂತ ನಗ್ತಾನೆ. ಬಿಡಲಿಲ್ಲ, ಮೂರು ಸಲ ಓಡಾಡಿ ಪೆಟ್ರೋಲ್ 700 ಸುಟ್ಟು 500 ತಗೊಂಡೆ. ಆ ನೋಟು ಖರ್ಚು ಮಾಡಿಲ್ಲ.

ಪೋಸ್ಟಲ್ ಆರ್ಡರ್:
ಬಸ್ ಟ್ರಿಪ್ಪು ಸಕಾಲದಲ್ಲಿ ಬರಲ್ಲ ಗುರು. ಅವರು ಕೇಳಿದ್ದು ಬಸ್ಸು.

ಇಪ್ಪತ್ತು ರೂಪಾಯಿ:
ನೀವು ಅವರ ಬಸ್ಸಿನ ಬಗ್ಗೆ ಹೇಳಿದ್ರಾ? ನಿಮ್ಮ ಲ್ಯಾಮಿನೇಷನ್ ಬಗ್ಗೆ ಹೇಳಿದ್ರಿ.

ಕಿಟಕಿ ಪಕ್ಕ:
ಎಲ್ಲಾ ಬಿಡಿ, ಮೂಲ ಕಾರಣ ಯಾರೂ ಹೇಳ್ತಿಲ್ಲ. ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಲ್ಲಿ ನಿಲ್ಲೋಕೆ ಜಾಗ ಇಲ್ಲ. ನಾನು 2025ರ ಜನವರಿಯಿಂದ ತಿಂಗಳ ಪಾಸಿಗೆ 1,050 ಇದ್ದಿದ್ದು 1,200 ಕೊಟ್ಟು ನಿಂತ್ಕೊಂಡು ಹೋಗ್ತೀನಿ.

ಎರಡನೇ ಕ್ರಾಸ್:
ಬಂದ್ರು ನೋಡಿ. ನಮ್ಮನೆ ಕೆಲಸಕ್ಕೆ ಬರೋ ಹುಡುಗಿ 2023 ಜೂನ್‌ವರೆಗೆ ಬಸ್ ಚಾರ್ಜಿಗೇ ತಿಂಗಳಿಗೆ ಸಾವಿರದ ಹತ್ರ ಹಾಕ್ತಿದ್ಲು, ಮನೆಯಿಂದ ಮೂರು ಸ್ಟಾಪ್ ನಡೆದು ಬಂದು ಹತ್ತೋಳು, ಒಂದು ಸ್ಟೇಜ್ ಉಳೀಲಿ ಅಂತ. ಈಗ ನಡೆಯಲ್ಲ. ನಿಮಗೆ ಸೀಟ್ ಸಿಗ್ಲಿಲ್ಲ ಅಂತ ಅವಳು ಮತ್ತೆ ನಡೀಬೇಕಾ?

ಕಿಟಕಿ ಪಕ್ಕ:
ನಾನು ಹಾಗೆ ಅಂದ್ನಾ?

ಮಾಜಿ ಬಿಲ್ಲೆ:
ಹಾಗೇ ಅಂದ್ರಿ. ಜನ ಜಾಸ್ತಿ ಆದ್ರೆ ಬಸ್ ಜಾಸ್ತಿ ಮಾಡಿ ಅಂತ ಕೇಳ್ಬೇಕು, ಜನ ಯಾಕೆ ಬಂದ್ರು ಅಂತ ಅಲ್ಲ.

ಸ್ಕೂಟರ್ ತಗೊಂಡೆ:
ಸಾರ್ ನಾನು ಎರಡು ವರ್ಷ ಇದನ್ನೆಲ್ಲಾ ಮಾಡಿ ಕೊನೆಗೆ ಗಾಡಿ ತಗೊಂಡೆ. ಕಂತು 3,150, ಪೆಟ್ರೋಲ್ 1,400, ಬೆನ್ನು ನೋವಿಗೆ ಫಿಸಿಯೋ ಒಂದು ಸಲಕ್ಕೆ 600. ನೆಮ್ಮದಿ ಇದೆ ಅಂತ ಹೆಂಡತಿಗೆ ಹೇಳ್ತೀನಿ. ಸಬ್‌ಅರ್ಬನ್ ರೈಲು ಬಂದ್ರೆ ಮಾರೋಣ ಅಂತಿದ್ದೆ. 2022 ಜೂನಲ್ಲಿ ಅಡಿಗಲ್ಲು ಹಾಕ್ದಾಗ 40 ತಿಂಗಳು ಅಂದಿದ್ರು, 2025 ಅಕ್ಟೋಬರ್‌ಗೆ 40 ತುಂಬ್ತು, ಹಾಲು ಪಾಯಸ ಮಾಡಿ ಬರ್ತ್‌ಡೇ ಮಾಡಿದೆ ನಾನೊಬ್ನೇ.

ಖಜಾಂಚಿ:
ತಾರೀಖು ನೋಡಿದೆ. ಹಬ್ಬ ಆಗಿ ಹನ್ನೊಂದು ದಿನಕ್ಕೆ ಕೊಟ್ಟಿದ್ದು. ಅಂದ್ರೆ ಬಸ್ಸಿನ ಶಾಮಿಯಾನವೇ.

ಎರಡನೇ ಕ್ರಾಸ್:
ಹಬ್ಬದ ಬಾಕಿ ಅದು! ಶಾಮಿಯಾನದವನು ಹನ್ನೊಂದು ದಿನ ನಮ್ಮನೆ ಗೇಟಿಗೆ ಅಲೆದಿದ್ದಕ್ಕೆ ಕೊಟ್ರಿ.

ಕೊನೇ ಸೈಟು:
ಎಲ್ಲರಿಗೂ ಥ್ಯಾಂಕ್ಸ್. ಶೆಲ್ಟರ್ ಬಗ್ಗೆ ಯಾರಾದ್ರೂ? ಪಾಲಿಕೆಗೆ ಹೋದ್ರೆ ನೀವು ಈಗ ಬೇರೆ ಪಾಲಿಕೆಗೆ ಬರ್ತೀರಿ ಅಂದ್ರು.

ಸ್ಕೂಟರ್ ತಗೊಂಡೆ:
2020 ಸೆಪ್ಟೆಂಬರಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಐದು ವರ್ಷ ಕಾರ್ಪೊರೇಟರೇ ಇರಲಿಲ್ಲ, 2025 ಸೆಪ್ಟೆಂಬರಲ್ಲಿ ಒಂದು ಪಾಲಿಕೆ ಐದಾಯ್ತು. ಮೊದಲು ಒಬ್ಬರು "ನಮ್ದಲ್ಲ" ಅಂತಿದ್ರು, ಈಗ ಐದು ಜನ ಅನ್ಬಹುದು. ಬಸ್ಸಿಗೆ ಒಬ್ರು, ಮೆಟ್ರೊಗೆ ಒಬ್ರು, ರೋಡಿಗೆ ಒಬ್ರು, ಪೈಪಿಗೆ ಇನ್ನೊಬ್ರು. ಶೆಲ್ಟರ್ ಕಿತ್ತಿದ್ದು ಪೈಪಿನೋರು ಅಲ್ವಾ, ಅವರು ಗುಜರಿಗೆ ಹಾಕಿರ್ತಾರೆ.

ಮಾಜಿ ಬಿಲ್ಲೆ:
ಕೊನೇ ಸೈಟು ಅವರೇ, ಇವರ ಮಾತು ಕೇಳ್ತಾ ಕೂತ್ರೆ ಮಗಳ ಪಿಯುಸಿ ಮುಗಿಯುತ್ತೆ. ನಂಗೆ ಆರ್‌ಟಿಐ ಹಾಕೋರನ್ನ ಕಂಡ್ರೆ ಆಗಲ್ಲ, ಆದ್ರೂ ಹೇಳ್ತೀನಿ. "ಬಸ್ ಯಾಕೆ ಬರ್ತಿಲ್ಲ" ಅಂತ ಕೇಳ್ಬೇಡಿ, ಯಾಕೆ ಅನ್ನೋದು ಮಾಹಿತಿ ಅಲ್ಲ ಅಂತ ಒಂದು ಸಾಲಲ್ಲಿ ಮುಗಿಸ್ತಾರೆ. ನಿಮ್ಮ ರೂಟಿನ ಶೆಡ್ಯೂಲ್ ನಂಬರ್ ಹಾಕಿ, ಮೂರು ತಿಂಗಳದು ದಿನವಾರು ರದ್ದಾದ ಕಿಲೋಮೀಟರ್ ಮತ್ತೆ ಅದರ ಕಾರಣದ ನಕಲು ಕೊಡಿ ಅನ್ನಿ. ಅದು ಪ್ರತಿ ಡಿಪೊದಲ್ಲೂ ಬರೆದಿಡ್ತಾರೆ, ಇಲ್ಲ ಅನ್ನೋ ಹಾಗಿಲ್ಲ. ಎಲೆಕ್ಟ್ರಿಕ್ ಗಾಡಿ ಆದ್ರೆ ಕಂಡಕ್ಟರ್ ಮಾತ್ರ ಸಂಸ್ಥೆಯೋನು, ಡ್ರೈವರ್ ಗುತ್ತಿಗೆ ಕಂಪನಿಯೋನು, ಆಗ ಯಾರು ಬರ್ಲಿಲ್ಲ ಅಂತಾನೂ ಅದರಲ್ಲೇ ಗೊತ್ತಾಗುತ್ತೆ. ಶೆಡ್ಯೂಲ್ ನಂಬರ್ ಗೊತ್ತಿಲ್ಲ ಅಂದ್ರೆ 7.10ರ ಕಂಡಕ್ಟರ್‌ನ ಕೇಳಿ, ಮೊದಲು ಒಂದು ಕಾಫಿ ಕೊಡಿಸಿ.

ಪೋಸ್ಟಲ್ ಆರ್ಡರ್:
ಇದನ್ನೇ ನಾನು ಮೊದಲೇ ಹೇಳಿದ್ದು.

ಮಾಜಿ ಬಿಲ್ಲೆ:
ಹೇಳ್ಲಿಲ್ಲ.

ಕೊನೇ ಸೈಟು:
ಬೆಳಗ್ಗೆ ಕಂಡಕ್ಟರ್‌ನ ಕೇಳಿದೆ, ನಂಬರ್ ಕೊಟ್ರು, ಕಾಫಿ ಬೇಡ ಟೀ ಅಂದ್ರು. ಕನ್ನಡದಲ್ಲಿ ಬರೆದೆ, 84 ಪದ ಆಯ್ತು. ಒಂದೇ ಡೌಟು, ರದ್ದಾದ ಕಿಲೋಮೀಟರು ಮತ್ತೆ ಕಾರಣ ಅಂದ್ರೆ ಒಂದು ವಿಷಯ ಅಂತ ಲೆಕ್ಕನಾ, ಎರಡಾ?

ಖಜಾಂಚಿ:
ಮೇಡಂ, ಶಾಮಿಯಾನದವನ ನಂಬರ್ ಇದ್ರೆ ಕೊಡಿ, ಅವನನ್ನೇ ಕೇಳಿಬಿಡೋಣ.