ವೀಗನ್ ಹಣ್ಣಿನ ಟಾರ್ಟ್: ತಳ ಹಸಿ, ಅಂಚು ಕಲ್ಲು, ಕಸ್ಟರ್ಡ್ ನೀರು. ಯಾರಾದ್ರೂ ಹೇಳಿ

ಸಿಹಿಪ್ರಿಯೆ_ಬೆಂಗಳೂರು
ತಲೆ ಕೆಟ್ಟುಹೋಗಿದೆ. ಹಾಲು, ಬೆಣ್ಣೆ, ಮೊಟ್ಟೆ ಏನೂ ಇಲ್ಲದ ಟಾರ್ಟ್ (ಮೈದಾ ಚಿಪ್ಪಿನೊಳಗೆ ಕಸ್ಟರ್ಡ್, ಮೇಲೆ ಹಣ್ಣು), ಅದೂ ಹಗುರವಾಗಿರಬೇಕು. ಪ್ರತಿ ಸಲ ಒಂದೇ ಕಥೆ. ತಳ ಬೆರಳಿಗೆ ಅಂಟುತ್ತೆ, ಅಂಚು ಹಲ್ಲು ಮುರಿಯುತ್ತೆ. ಬೇಯೋವಾಗ ಗೋಡೆ ಕುಸಿದು ಅರ್ಧಕ್ಕೆ ಬಂದುಬಿಡುತ್ತೆ. ಕಸ್ಟರ್ಡ್ ರಾತ್ರಿ ಗಟ್ಟಿ, ಬೆಳಗ್ಗೆ ಫ್ರಿಜ್ ತೆಗೆದರೆ ಸುತ್ತ ನೀರು. ರೆಸಿಪಿ ಎಲ್ಲರೂ ಮಾಡೋದೇ, 180 ಡಿಗ್ರಿ, 25 ನಿಮಿಷ. ಭಾನುವಾರ ಮನೆಗೆ ಜನ ಬರ್ತಿದ್ದಾರೆ. "ಬೆಣ್ಣೆ ಹಾಕಿ ನೋಡಿ" ಅಂತ ದಯವಿಟ್ಟು ಯಾರೂ ಬರೀಬೇಡಿ.

ರಾಡ್_ರಾಜ
ಕೆಳಗಿನ ರಾಡ್ ಮೇಡಂ, ಇನ್ನೇನೂ ಅಲ್ಲ. ಓಟಿಜಿ (ಮೇಲೆ, ಕೆಳಗೆ ರಾಡ್ ಇರೋ ಪುಟ್ಟ ಓವನ್) ಗುಂಡಿ 180 ತೋರಿಸಿದ್ರೂ ಒಳಗೆ 20 ಡಿಗ್ರಿ ಆಚೀಚೆ ಇರೋದು ಮಾಮೂಲಿ. ಒಳಗೆ ನೇತುಹಾಕೋ ಓವನ್ ಥರ್ಮಾಮೀಟರ್ ತಗೊಳ್ಳಿ. ಎರಡೂ ರಾಡ್ ಹಾಕಿ 15 ನಿಮಿಷ ಪ್ರೀಹೀಟ್, ಟಿನ್ ಕೆಳಗಿನಿಂದ ಎರಡನೇ ಸಾಲಿಗೆ. ಕೊನೆಯ 5 ನಿಮಿಷ ಮೇಲಿನ ರಾಡ್ ಆಫ್ ಮಾಡಿ.

ಕುಡ್ಲದ_ಅಡ್ಗೆ
ಅವರು ಓಟಿಜಿ ಅಂತ ಹೇಳಿಯೇ ಇಲ್ಲ ಮಾರಾಯ್ರೆ. ಸಿಹಿಪ್ರಿಯೆಯವರೇ, ಮೈದಾ ಎಷ್ಟು ಗ್ರಾಂ, ಎಣ್ಣೆ ಯಾವುದು, ಎಷ್ಟು, ನೀರು ಎಷ್ಟು? ಖಾಲಿ ಚಿಪ್ಪನ್ನು ಮೊದಲು ಬೇಯಿಸ್ತೀರಾ? ಕಸ್ಟರ್ಡ್‌ಗೆ ಏನೇನು ಹಾಕ್ತೀರಿ? ಹಣ್ಣು ಯಾವುದು? ಇದಿಷ್ಟು ಗೊತ್ತಾಗದೆ ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಸಿಹಿಪ್ರಿಯೆ_ಬೆಂಗಳೂರು
ಮೈದಾ 150 ಗ್ರಾಂ, ತೆಂಗಿನೆಣ್ಣೆ, ಸಕ್ಕರೆ ಪುಡಿ, ನೀರು ಬೇಕಾದಷ್ಟು. ಖಾಲಿ ಚಿಪ್ಪನ್ನೇ ಬೇಯಿಸೋದು. ಕಸ್ಟರ್ಡ್‌ಗೆ ಕಾಯಿಹಾಲು, ಕಾರ್ನ್‌ಫ್ಲೋರ್, ಸಕ್ಕರೆ, ನಿಂಬೆರಸ. ಮೇಲೆ ಅನಾನಸ್, ಕಿವಿ, ದಾಳಿಂಬೆ.

ಧಾರವಾಡ_ಒಲಿ
ಅನಾನಸ್ ಅಂದ್ರಲ್ರೀ, ಅಲ್ಲೇ ಸಿಕ್ಕಿತು ನೋಡ್ರಿ ಕಳ್ಳ. ಹಸಿ ಅನಾನಸ್ ಮತ್ತ ಕಿವಿಯೊಳಗ ಎನ್‌ಜೈಮ್ ಇರ್ತಾವ, ಅವು ಕಸ್ಟರ್ಡ್ ಗಟ್ಟಿಯಾಗಾಕ ಬಿಡಂಗಿಲ್ಲ. ಹೋಳು 5 ನಿಮಿಷ ಕುದಿಸಿ ಹಾಕ್ರಿ, ಇಲ್ಲಾ ಡಬ್ಬಿ ಅನಾನಸ್ ತೊಗೊಳ್ರಿ.

ಕುಡ್ಲದ_ಅಡ್ಗೆ
ಅದು ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವುದು) ಹಾಕಿದವರ ಸಮಸ್ಯೆ. ಅನಾನಸ್‌ನ ಬ್ರೋಮೆಲೈನ್, ಕಿವಿಯ ಆಕ್ಟಿನಿಡಿನ್ ಎರಡೂ ಕತ್ತರಿಸುವುದು ಪ್ರೋಟೀನನ್ನು. ಜೆಲಾಟಿನ್ ಪ್ರೋಟೀನು, ಕಾರ್ನ್‌ಫ್ಲೋರ್ ಪಿಷ್ಟ. ಚೈನಾ ಗ್ರಾಸ್ (ಕಡಲಪಾಚಿಯಿಂದ ಮಾಡುವ ಅಗರ್) ಕೂಡ ಪ್ರೋಟೀನ್ ಅಲ್ಲ. ವೀಗನ್ ಕಸ್ಟರ್ಡ್‌ಗೆ ಈ ಕಾಟ ಇಲ್ಲ.

ಧಾರವಾಡ_ಒಲಿ
ಹಂಗಾರ ಹಾಲಿಗೆ ಅನಾನಸ್ ಹಾಕಿದ್ರ ಯಾಕ ಕಹಿ ಆಗ್ತದ?

ಕುಡ್ಲದ_ಅಡ್ಗೆ
ದನದ ಹಾಲಿನ ಪ್ರೋಟೀನು ತುಂಡಾಗಿ ಕಹಿ ಬರುತ್ತದೆ. ಸೋಯಾ ಹಾಲಿಗೂ ಬರಬಹುದು. ಕಾಯಿಹಾಲಿನಲ್ಲಿ ಪ್ರೋಟೀನು ಬಹಳ ಕಡಿಮೆ. ಕಹಿ ಒಂದು ವಿಷಯ, ನೀರು ಬಿಡುವುದು ಇನ್ನೊಂದು. ಎರಡನ್ನೂ ಗಂಟು ಹಾಕಬೇಡಿ.

ಹಸಿರುಚುಕ್ಕಿ
ನಡುವೆ ಒಂದು ಮಾತು. ಕಾರ್ನ್‌ಫ್ಲೋರ್ ಬದಲು ಕಸ್ಟರ್ಡ್ ಪೌಡರ್ ಹಾಕೋಕೆ ಹೋಗಬೇಡಿ, ಅದರಲ್ಲಿ ಮೊಟ್ಟೆ ಇರುತ್ತೆ.

ಕೋಲಾರ_ಮಾವು
ಯಾರು ಹೇಳಿದ್ದು? 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಕಸ್ಟರ್ಡ್ ಪೌಡರ್ ಮಾಡಿದ್ದೇ ಹೆಂಡತಿಗೆ ಮೊಟ್ಟೆ ಒಗ್ಗಲ್ಲ ಅಂತ. ಕಾರ್ನ್‌ಫ್ಲೋರ್, ಬಣ್ಣ, ವೆನಿಲ್ಲಾ ವಾಸನೆ, ಮುಗೀತು. ಕೆಲವದರಲ್ಲಿ ಹಾಲಿನ ಪುಡಿ ಸೇರಿಸಿರ್ತಾರೆ, ಆದ್ದರಿಂದ ಪ್ಯಾಕೆಟ್ ಹಿಂಭಾಗ ಓದಿ.

ಹಸಿರುಚುಕ್ಕಿ
ಹಸಿರು ಚುಕ್ಕಿ ಇದ್ರೆ ಸಾಕಲ್ವಾ?

ಕೋಲಾರ_ಮಾವು
ಸಾಲದು. ತುಪ್ಪಕ್ಕೂ ಹಸಿರು ಚುಕ್ಕಿನೇ. ವೀಗನ್‌ಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) 2022ರ ನಿಯಮದಲ್ಲಿ ಬೇರೆ ಗುರುತು ಬಂದಿದೆ, ಹಸಿರು 'ವಿ' ಅಕ್ಷರದ ಮೇಲೆ ಪುಟ್ಟ ಎಲೆ. ಬೆಣ್ಣೆ ಬದಲಿಗೆ ಮಾರ್ಗರಿನ್ ಕೊಳ್ಳೋರು ಇದನ್ನ ಮರೀಬೇಡಿ, ಕೆಲವದಕ್ಕೆ ಹಾಲಿನ ಅಂಶ ಹಾಕ್ತಾರೆ.

ರಾಡ್_ರಾಜ
ಎಲ್ಲಾ ಸರಿ, ತಳ ಹಸಿ ಅನ್ನೋದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ನನ್ನ 60 ಲೀಟರ್ ಓಟಿಜಿಯಲ್ಲಿ ಕೆಳಗಿನ ತಂತಿ ಮೇಲೆ ಕಡಪ ಕಲ್ಲು ಇಟ್ಟಿದ್ದೀನಿ. 40 ನಿಮಿಷ ಕಾಯಿಸಿ ಅದರ ಮೇಲೆ ಟಿನ್ ಇಟ್ಟರೆ ತಳ ಬಿಸ್ಕತ್ತು ಬಿಸ್ಕತ್ತು. ಪಿಜ್ಜಾಗೂ ಅದೇ, ಬ್ರೆಡ್‌ಗೂ ಅದೇ. ಫೋಟೋ ಬೇಕಾದ್ರೆ ಹಾಕ್ತೀನಿ.

ಕೋಲಾರ_ಮಾವು
ಗುರು, ಕಡಪ ಸುಣ್ಣದಕಲ್ಲಿನ ಜಾತಿ. ಒಳಗೆ ತೇವ ಇದ್ದು ಬೇಗ ಕಾಯ್ದರೆ ಪದರ ಎದ್ದು ಸಿಡಿಯಬಹುದು. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ತುಂಡು ತಂದು ಓವನ್ನಿಗೆ ಇಡೋದನ್ನ ಬೇರೆಯವರಿಗೆ ಕಲಿಸಬೇಡಿ. ದಪ್ಪ ಅಲ್ಯೂಮಿನಿಯಂ ತಟ್ಟೆಯನ್ನ ಮಗುಚಿ ಹಾಕಿ ಕಾಯಿಸಿದ್ರೂ ಟಾರ್ಟ್‌ಗೆ ಸಾಕು.

ರಾಡ್_ರಾಜ
ನನ್ನದು ಇನ್ನೂ ಸಿಡಿದಿಲ್ಲ.

ಸಿಹಿಪ್ರಿಯೆ_ಬೆಂಗಳೂರು
ಕಲ್ಲಿನ ಜಗಳ ಆಮೇಲೆ ಮಾಡ್ಕೊಳ್ಳಿ. ನಮ್ಮದು ಓಟಿಜಿ ಅಲ್ಲ, ಕನ್ವೆಕ್ಷನ್ ಮೈಕ್ರೋವೇವ್. ರಾಡ್ ಕೆಳಗಡೆ ಇಲ್ವೇ ಇಲ್ಲ. ಲೋಹ ಇಡಬಾರದಲ್ಲ, ಅದಕ್ಕೆ ಸಿಲಿಕೋನ್ ಮೌಲ್ಡ್. ಎಣ್ಣೆ 2 ಟೇಬಲ್ ಚಮಚ. ಹಗುರ ಇರಲಿ ಅಂತ.

ಕುಡ್ಲದ_ಅಡ್ಗೆ
ಇದನ್ನು ಮೊದಲೇ ಹೇಳಬಾರದಿತ್ತಾ! ಒಂದೊಂದಾಗಿ ನೋಡುವ.

ಮೊದಲು ಎಣ್ಣೆ. 2 ಟೇಬಲ್ ಚಮಚ ಅಂದರೆ ಸುಮಾರು 27 ಗ್ರಾಂ. 150 ಗ್ರಾಂ ಮೈದಾಕ್ಕೆ ಅದು ಎಲ್ಲಿಗೆ ಸಾಲುತ್ತದೆ? ಜಿಡ್ಡು ಹಿಟ್ಟಿನ ಕಣಕ್ಕೆ ಮೆತ್ತಿಕೊಂಡರೆ ಮಾತ್ರ ನೀರು ತಾಗಿದಾಗ ಅಂಟು (ಗ್ಲೂಟೆನ್) ಬೆಳೆಯುವುದಿಲ್ಲ. ಜಿಡ್ಡು ಕಡಿಮೆ ಆದಷ್ಟು ಹಿಟ್ಟು ಒಗ್ಗೂಡಲು ನೀರು ಜಾಸ್ತಿ ಬೇಕು, ನೀರು ಜಾಸ್ತಿ ಆದರೆ ಅಂಟು ಜಾಸ್ತಿ. ಆ ಅಂಟು ಬಿಸಿಯಲ್ಲಿ ಹಿಂದಕ್ಕೆ ಎಳೆಯುತ್ತದೆ, ಗೋಡೆ ಕುಸಿಯುವುದು ಅದಕ್ಕೇ. ಒಣಗಿದ ಮೇಲೆ ಅದೇ ಕಲ್ಲಿನ ಹಾಗೆ ಆಗುತ್ತದೆ. ನೀವು ಮಾಡುತ್ತಿರುವುದು ಟಾರ್ಟ್ ಚಿಪ್ಪಲ್ಲ, ಮೈದಾ ಚಪಾತಿ.

20 ಸೆಂ.ಮೀ. ಟಿನ್ನಿಗೆ: ಮೈದಾ 150 ಗ್ರಾಂ, ವಾಸನೆ ಇಲ್ಲದ ರಿಫೈನ್ಡ್ ತೆಂಗಿನೆಣ್ಣೆ 65 ಗ್ರಾಂ, ಸಕ್ಕರೆ ಪುಡಿ 30 ಗ್ರಾಂ, ಚಿಟಿಕೆ ಉಪ್ಪು, ಐಸ್ ನೀರು 25 ಮಿ.ಲೀ. ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಕರಗುತ್ತದೆ. ಬೇಸಿಗೆಯಲ್ಲಿ ಬಾಟಲಿಯಲ್ಲಿ ಎಣ್ಣೆಯಾಗಿಯೇ ಇರುತ್ತದೆ, ಮೊದಲು ಫ್ರಿಜ್‌ನಲ್ಲಿ ಇಟ್ಟು ತುಪ್ಪದಷ್ಟು ಗಟ್ಟಿ ಮಾಡಿ. ಕಲ್ಲಾಗಲು ಬಿಟ್ಟರೆ ಹಿಟ್ಟಿನಲ್ಲಿ ಗಂಟು ಉಳಿದು, ಬೇಯುವಾಗ ಕರಗಿ ತೂತು ಬೀಳುತ್ತದೆ. ಬೆರಳ ತುದಿಯಲ್ಲಿ ಉಜ್ಜಿ ರವೆಯ ಹಾಗೆ ಮಾಡಿ, ನೀರು ಚಿಮುಕಿಸಿ ಒಟ್ಟುಗೂಡಿಸಿ. ನಾದಲೇಬಾರದು. 20 ನಿಮಿಷ ಫ್ರಿಜ್ ಸಾಕು, ಒಂದು ಗಂಟೆ ಇಟ್ಟರೆ ತೆಂಗಿನೆಣ್ಣೆ ಬಿಗಿದು ಲಟ್ಟಿಸುವಾಗ ಒಡೆಯುತ್ತದೆ. ಎರಡು ಬಟರ್ ಪೇಪರ್ ನಡುವೆ 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಟಿನ್ನಿಗೆ ಹಾಕಿ, ಹಿಗ್ಗಿಸಿ ಎಳೆಯಬೇಡಿ. ಮತ್ತೆ ಅರ್ಧ ಗಂಟೆ ಫ್ರಿಜ್.

ಹಗುರ ಬೇಕೆಂದರೆ ಚಿಪ್ಪನ್ನು 2.5 ಮಿ.ಮೀ.ಗೆ ಇಳಿಸಿ, ಕಸ್ಟರ್ಡ್ ಪದರ ಒಂದು ಸೆಂ.ಮೀ. ಮೀರದಿರಲಿ, ಹಣ್ಣು ಜಾಸ್ತಿ ಹಾಕಿ. ಎಣ್ಣೆಯ ಅನುಪಾತಕ್ಕೆ ಕೈ ಹಚ್ಚಬೇಡಿ.

ಕೋಲಾರ_ಮಾವು
ಮೌಲ್ಡ್ ವಿಷಯ ನಾನು ಹೇಳ್ತೀನಿ. ಸಿಲಿಕೋನ್‌ಗೆ ಬಿಸಿ ಸಾಗಿಸೋ ಗುಣ ಕಡಿಮೆ. ಗೋಡೆ ಮೆತ್ತಗೆ ಬಾಗುತ್ತೆ, ಹಿಟ್ಟಿಗೂ ಆಧಾರ ಇಲ್ಲ. ಕನ್ವೆಕ್ಷನ್‌ನಲ್ಲಿ ಫ್ಯಾನ್ ಬಿಸಿಗಾಳಿ ಮೇಲ್ಮೈಗೆ ಬಡಿಯುತ್ತೆ, ಅಂಚು ಮೊದಲು ಒಣಗುತ್ತೆ, ತಳ ಹಿಂದೆ ಉಳಿಯುತ್ತೆ. ನಿಮ್ಮ "ಅಂಚು ಕಲ್ಲು, ತಳ ಹಸಿ" ಅನ್ನೋದಕ್ಕೆ ಅರ್ಧ ಕಾರಣ ಇದೇ. ಬರೀ ಕನ್ವೆಕ್ಷನ್ ಮೋಡ್‌ನಲ್ಲಿ ಲೋಹದ ಟಿನ್ ಇಡಬಹುದು. ಮೈಕ್ರೋ ಅಥವಾ ಕಾಂಬಿ (ಎರಡೂ ಸೇರಿದ) ಮೋಡ್‌ನಲ್ಲಿ ಮಾತ್ರ ಬೇಡ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತೆ ನೋಡಿ. ತಳ ಬಿಡಿಸೋಕೆ ಬರೋ ಅಲ್ಯೂಮಿನಿಯಂ ಟಾರ್ಟ್ ಟಿನ್ ತಗೊಳ್ಳಿ, ಗಾಜಿನ ತಟ್ಟೆ ಮೇಲೆ ನೇರವಾಗಿ ಬೇಡ, ಗಿಡ್ಡ ಸ್ಟ್ಯಾಂಡ್ ಮೇಲೆ ಇಡಿ. 180ಕ್ಕೆ ಪ್ರೀಹೀಟ್. ತಳಕ್ಕೆ ಫೋರ್ಕ್‌ನಿಂದ ಚುಚ್ಚಿ, ಬಟರ್ ಪೇಪರ್ ಹಾಸಿ ಭಾರಕ್ಕೆ ಅಂಚಿನ ತನಕ ಕಡಲೆಕಾಳು ತುಂಬಿ 18 ನಿಮಿಷ. ಕಾಳು, ಪೇಪರ್ ತೆಗೆದು ಮತ್ತೆ 8ರಿಂದ 10 ನಿಮಿಷ. ತಳ ಬಿಳಿ ಇದ್ರೆ ಬೆಂದಿಲ್ಲ, ತಿಳಿ ಕಂದು ಬರಬೇಕು. ಗಡಿಯಾರ ನೋಡಬೇಡಿ, ಬಣ್ಣ ನೋಡಿ.

ರಾಡ್_ರಾಜ
ಅಂದ್ರೆ ಕೆಳಗಿನಿಂದ ಬಿಸಿ ಇಲ್ಲ ಅಂತ ತಾನೇ? ನಾನು ಮೊದಲೇ ಹೇಳಿದ್ದು ಅದನ್ನೇ.

ಸಿಹಿಪ್ರಿಯೆ_ಬೆಂಗಳೂರು
ಟಿನ್ ತರ್ತೀನಿ. ಕಸ್ಟರ್ಡ್ ನೀರಾಗೋದಕ್ಕೆ?

ಕುಡ್ಲದ_ಅಡ್ಗೆ
ನಿಂಬೆರಸ ಯಾವಾಗ ಹಾಕ್ತೀರಿ? ಕುದಿಯುವ ಮೊದಲೇ ಆದರೆ ಹುಳಿ, ಬಿಸಿ ಎರಡೂ ಸೇರಿ ಪಿಷ್ಟವನ್ನು ತುಂಡರಿಸುತ್ತವೆ. ಇನ್ನೊಂದು, ದಪ್ಪ ಆಯಿತು ಅಂದ ಕೂಡಲೇ ಒಲೆ ಆರಿಸುವವರು ಬಹಳ ಜನ. ಕಾರ್ನ್‌ಫ್ಲೋರ್ ಪೂರ್ತಿ ಬೇಯಲು ಕುದಿಯ ಹತ್ತಿರ, 95 ಡಿಗ್ರಿ ದಾಟಬೇಕು. ಮಧ್ಯೆ ಗುಳ್ಳೆ ಒಡೆಯಲು ಶುರುವಾದ ಮೇಲೂ ಒಂದು ನಿಮಿಷ ತಿರುವಿ. ಆರಿದ ಮೇಲೆ ವಿಸ್ಕ್ ಹಾಕಿ ಬಡಿಯಬೇಡಿ, ನೀರು ಹಿಡಿದುಕೊಂಡ ಪಿಷ್ಟದ ಜಾಲ ಹರಿದು ನೀರು ಬಿಡುತ್ತದೆ.

ಕಾಯಿಹಾಲು 300 ಮಿ.ಲೀ. (ಮೊದಲ ಹಾಲು, ನೀರು ಬೆರೆಸದ್ದು), ಕಾರ್ನ್‌ಫ್ಲೋರ್ 24 ಗ್ರಾಂ, ಸಕ್ಕರೆ 50 ಗ್ರಾಂ, ಚೈನಾ ಗ್ರಾಸ್ ಪುಡಿ 1 ಗ್ರಾಂ (ಅರ್ಧ ಟೀ ಚಮಚ), ಬಣ್ಣಕ್ಕೆ ಅರಿಶಿನ ಕಣ್ಣಿಗೆ ಕಾಣದಷ್ಟು. ಎಲ್ಲ ತಣ್ಣಗಿರುವಾಗಲೇ ಕಲಸಿ ಒಲೆಗಿಡಿ. ನಿಂಬೆರಸ ಒಂದು ಚಮಚ, ಇಳಿಸಿದ ಮೇಲೆ. ಬಿಸಿ ಇರುವಾಗಲೇ ಆರಿದ ಚಿಪ್ಪಿಗೆ ಸುರಿಯಿರಿ, ಚೈನಾ ಗ್ರಾಸ್ 40 ಡಿಗ್ರಿ ಕೆಳಗೆ ಬಂದರೆ ಪಾತ್ರೆಯಲ್ಲೇ ಗಟ್ಟಿ.

ಧಾರವಾಡ_ಒಲಿ
ಬರೀ ಕಾರ್ನ್‌ಫ್ಲೋರ್ ಇದ್ರ ಮರುದಿನ ಫ್ರಿಜ್‌ನ್ಯಾಗ ನೀರು ಬಿಡೂದ ಅದರ ಸ್ವಭಾವ, ಅದಂತೂ ಖರೆ. ಚೈನಾ ಗ್ರಾಸ್ ಕಡ್ಡಿ ಇದ್ರ ನಡೀತೈತೇನ್ರಿ?

ಕುಡ್ಲದ_ಅಡ್ಗೆ
ನಡೆಯುತ್ತದೆ. ತೂಕ ಮಾಡಿ, ನೆನೆಸಿ, ಬೇರೆ ನೀರಿನಲ್ಲಿ ಪೂರ್ತಿ ಕರಗುವ ತನಕ ಕುದಿಸಿ ಸೋಸಿ. ಕಾಯಿಹಾಲಿಗೆ ನೇರ ಹಾಕಿದರೆ ಎಳೆ ಉಳಿಯುತ್ತದೆ. ಬಳಸಿದ ನೀರನ್ನು 300ರಲ್ಲೇ ಲೆಕ್ಕ ಹಿಡಿಯಿರಿ.

ಕೋಲಾರ_ಮಾವು
ಹಣ್ಣು ಹಿಂದಿನ ರಾತ್ರಿ ಇಡಬೇಡಿ. ಕತ್ತರಿಸಿದ ಅನಾನಸ್ ರಸ ಬಿಡ್ತಾನೇ ಇರುತ್ತೆ. ಹೋಳನ್ನ ಬಟ್ಟೆ ಮೇಲೆ ಹರಡಿ ಒರೆಸಿ, ಬಡಿಸೋ ಎರಡು ಗಂಟೆ ಮುಂಚೆ ಜೋಡಿಸಿ. ಚಿಪ್ಪಿನ ಒಳಮೈಗೆ ಹಾಲಿಲ್ಲದ ಡಾರ್ಕ್ ಚಾಕೊಲೇಟ್ 30 ಗ್ರಾಂ ಕರಗಿಸಿ ತೆಳ್ಳಗೆ ಬಳಿದು ಗಟ್ಟಿಯಾಗೋಕೆ ಬಿಡಿ, ಕಸ್ಟರ್ಡ್ ಸ್ವಲ್ಪ ಆರಿಸಿ 50 ಡಿಗ್ರಿ ಆಸುಪಾಸಿನಲ್ಲಿ ಸುರಿಯಿರಿ. ಮಾವಿನ ಕಾಲ ಆದ್ರೆ ಗಟ್ಟಿ ಬಾದಾಮಿ ಹಣ್ಣು ಹಾಕಿ, ಅನಾನಸ್‌ಗಿಂತ ಎಷ್ಟೋ ವಾಸಿ.

ಕುಡ್ಲದ_ಅಡ್ಗೆ
ಚಾಕೊಲೇಟ್ ಕಾಯಿಹಾಲಿನ ರುಚಿಯನ್ನು ಮುಚ್ಚಿ ಹಾಕುತ್ತದೆ. ಜಾಮ್ ಕಾಯಿಸಿ ಬಳಿದರೂ ಆದೀತು.

ಕೋಲಾರ_ಮಾವು
ಜಾಮ್ ಒಳಗೂ ನೀರಿದೆ. ಜಿಡ್ಡಿನ ಪದರ ಅದಕ್ಕಿಂತ ಚೆನ್ನಾಗಿ ನೀರು ತಡೆಯುತ್ತೆ.

ಸಿಹಿಪ್ರಿಯೆ_ಬೆಂಗಳೂರು
ಶನಿವಾರ ಒಂದು ಮಾಡಿ ನೋಡಿದೆ. ಗೋಡೆ ನಿಂತಿದೆ, ತಳ ಕಂದು ಬಂದಿದೆ, ಕಸ್ಟರ್ಡ್ ಚಾಕುವಿಗೆ ನೀಟಾಗಿ ಕತ್ತರಿಸುತ್ತೆ. ಹಣ್ಣಿನ ಮೇಲೆ ಹೊಳಪಿಗೆ ಚೈನಾ ಗ್ರಾಸ್ ಬಳಿಯೋಕೆ ಹೋದರೆ ಬ್ರಷ್‌ನಲ್ಲೇ ಗಂಟಾಯ್ತು.

ಕೋಲಾರ_ಮಾವು
100 ಮಿ.ಲೀ. ನೀರು, 20 ಗ್ರಾಂ ಸಕ್ಕರೆ, ಚೈನಾ ಗ್ರಾಸ್ ಪುಡಿ ಕಾಲು ಟೀ ಚಮಚ, 2 ನಿಮಿಷ ಕುದಿಸಿ. ಪಾತ್ರೆಯನ್ನ ಬಿಸಿನೀರಿನಲ್ಲಿ ಇಟ್ಕೊಂಡೇ ಬಳಿಯಿರಿ. ಗಂಟಾದ್ರೆ ಎಸೀಬೇಡಿ, ಮತ್ತೆ ಕುದಿಸಿದ್ರೆ ಕರಗುತ್ತೆ. ಹಣ್ಣು ಫ್ರಿಜ್‌ನಿಂದ ಆಗತಾನೇ ತೆಗೆದದ್ದಾದ್ರೆ ತಾಗಿದ ಕ್ಷಣವೇ ಗಟ್ಟಿಯಾಗುತ್ತೆ, ಆದ್ದರಿಂದ ಒಂದೇ ಸಲ ಎಳೆಯಿರಿ, ಬಳಿದ ಜಾಗಕ್ಕೆ ಮತ್ತೆ ಹೋಗಬೇಡಿ.

ಹಸಿರುಚುಕ್ಕಿ
ಇದೇ ಅಳತೆಗೆ ಮೈದಾ ಬದಲು ಪೂರ್ತಿ ರಾಗಿ ಹಾಕಬಹುದಾ?

ಕುಡ್ಲದ_ಅಡ್ಗೆ
ಪೂರ್ತಿ ಬೇಡ. ರಾಗಿಯಲ್ಲಿ ಅಂಟು ಇಲ್ಲ, ಟಿನ್ನಿನಿಂದ ತೆಗೆಯುವಾಗ ಪುಡಿಯಾಗುತ್ತದೆ. ಮೈದಾ 100, ರಾಗಿ 50 ಮಾಡಿ. ನೀರು ಒಂದು ಚಮಚ ಜಾಸ್ತಿ ಕೇಳೀತು. ಲಟ್ಟಿಸದೆ ಬೆರಳಲ್ಲಿ ಒತ್ತಿ ಕೂರಿಸಿ. ಬಣ್ಣ ನೋಡಿ ಬೆಂದದ್ದು ಗೊತ್ತಾಗುವುದಿಲ್ಲ, ಮಧ್ಯೆ ಒತ್ತಿದರೆ ತಗ್ಗಬಾರದು.

ರಾಡ್_ರಾಜ
ಕಲ್ಲಿನ ಫೋಟೋ ಕೇಳಿದವರಿಗೆ ಹೊಸ ಥ್ರೆಡ್ ತೆಗೆದಿದ್ದೀನಿ, ಅಲ್ಲಿ ಬನ್ನಿ.