ಸಹಾಯ ಬೇಕು: ಕಾರ್ ಪಾರ್ಕಿಂಗ್ ನೆಲಕ್ಕೆ ಫೈಬರ್ ಸಾಕಾ, ಮೆಷ್ (ಕಬ್ಬಿಣದ ಜಾಲರಿ) ಬೇಕಾ?

ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕಾರು ನಿಲ್ಲಿಸುವ ಜಾಗಕ್ಕೆ 5 ಇಂಚು ಕಾಂಕ್ರೀಟ್ ಹಾಕಬೇಕು. ಮಣ್ಣಿನ ಮೇಲೆ ಕೂರುವ ನೆಲ, ತಾರಸಿ ಅಲ್ಲ. ಮೇಸ್ತ್ರಿ "ಮೆಷ್ ಯಾಕೆ ಸಾರ್, ಸಿಮೆಂಟ್ ಮೂಟೆಗೊಂದು ಪ್ಯಾಕೆಟ್ ಫೈಬರ್ ಸುರಿದ್ರೆ ಮುಗೀತು" ಅಂತಾರೆ. ಪ್ಯಾಕೆಟ್ ನೋಡಿದೆ: 125 ಗ್ರಾಂ, ಕೂದಲಿನಂಥ ಎಳೆ. ಕಾಂಕ್ರೀಟ್ ಹಸಿ ಇರುವಾಗ ನಮ್ಮೂರ ಬಿಸಿಲು, ಗಾಳಿಗೆ ಬರುವ ಸಣ್ಣ ಸೀಳನ್ನು ಇದು ತಡೆಯುತ್ತದೆ, ಸರಿ. ಆದರೆ ಗಟ್ಟಿಯಾದ ಮೇಲೆ ಬಿಟ್ಟ ಬಿರುಕನ್ನು ಹಿಡಿದಿಡುವುದು ದಪ್ಪ ಮ್ಯಾಕ್ರೋ ಫೈಬರ್ ಅಥವಾ ಮೆಷ್ ಅಲ್ವಾ?

ಪಕ್ಕದ ಸೈಟಿನಲ್ಲಿ ಮೆಷ್ಷನ್ನು ಕವರ್ ಬ್ಲಾಕ್ (ಅದನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ತುಂಡು) ಇಲ್ಲದೆ ಸುಮ್ನೆ ನೆಲಕ್ಕೆ ಹಾಸಿ, ತುಳಿದುಕೊಂಡೇ ಕಾಂಕ್ರೀಟ್ ಸುರಿದರು. ಹಾಗಾದರೆ ಮೆಷ್ ತಳದಲ್ಲೇ ಉಳಿದು ಕಬ್ಬಿಣದ ದುಡ್ಡು ಮಣ್ಣುಪಾಲು!

ಮ್ಯಾಕ್ರೋ ಫೈಬರ್ ಇಲ್ಲಿ ಚಿಲ್ಲರೆಯಾಗಿ ಎಲ್ಲಿ ಸಿಗುತ್ತದೆ? ಕ್ಯೂಬಿಕ್ ಮೀಟರಿಗೆ ಎಷ್ಟು ಕೆಜಿ ಹಾಕಿಸಿದಿರಿ? ಎಳೆ ಮೇಲೆದ್ದು ಕಾಲಿಗೆ ಚುಚ್ಚುತ್ತಾ? ಮಕ್ಕಳು ಬರಿಗಾಲಲ್ಲಿ ಆಡುವ ಜಾಗ. ಹಾಕಿಸಿದವರು ಫೋಟೋ ಇದ್ದರೆ ದಯವಿಟ್ಟು ಹಾಕಿ.