ರಾಮನವಮಿ ಪಾನಕಕ್ಕೆ ಅಲ್ಲಿ ಯಾವ ಬೆಲ್ಲ, ಎಷ್ಟು ನೀರು

ಪುಟ್ಟೀ, ನಿನ್ನ ಪ್ರಶ್ನೆ ಈಗ ನೋಡಿದೆ ಕಣೇ. ಮ್ಯೂನಿಕ್‌ನಲ್ಲಿ ಈ ಸಲ 40 ಜನಕ್ಕೆ ಪಾನಕ ಮಾಡ್ಬೇಕು, ಹೋದ ವರ್ಷ ಕಹಿ ಬಂತು, ಲೋಟದ ತಳದಲ್ಲಿ ಮರಳು ಸಿಕ್ತು ಅಂದೆ. ಜೊತೆಗೆ ಮೂರು ಫೋಟೋ ಹಾಕಿ ಯಾವ ಬೆಲ್ಲ ತಗೊಳ್ಳಲಿ ಅಂತ ಕೇಳಿದೀಯ. ಸ್ವಲ್ಪ ಉದ್ದ ಆಗುತ್ತೆ, ಸಾವಧಾನವಾಗಿ ಕೇಳು. ಗ್ರೂಪಲ್ಲಿ ಬೇರೆ ದೇಶದಲ್ಲಿರೋರಿಗೂ ಉಪಯೋಗಕ್ಕೆ ಬರುತ್ತೆ.

ಮೊದಲನೇ ಮಾತು. ನೈವೇದ್ಯಕ್ಕೆ ಮುಂಚೆ ಪಾನಕದ ರುಚಿ ನೋಡೋ ಹಾಗಿಲ್ಲ. ಸಾರಿಗೆ ಉಪ್ಪು ಕಮ್ಮಿ ಆದ್ರೆ ಆಮೇಲೆ ಹಾಕ್ಕೋಬಹುದು, ಇದಕ್ಕೆ ಆ ಅನುಕೂಲ ಇಲ್ಲ. ಊರಲ್ಲಿ ಅದೇ ಅಂಗಡಿ, ಅದೇ ಅಚ್ಚು ಬೆಲ್ಲ, ಅದೇ ತಪ್ಪಲೆ, ಹಾಗಾಗಿ ಕಣ್ಣಳತೆ ನಡೆಯುತ್ತೆ. ಅಲ್ಲಿ ಬೆಲ್ಲಾನೂ ಬೇರೆ, ನಿಂಬೆಹಣ್ಣೂ ಬೇರೆ. ಅದಕ್ಕೇ ಹಿಂದಿನ ದಿನ ಒಂದೇ ಒಂದು ಲೋಟದಷ್ಟು ಬೇರೆ ಪಾತ್ರೇಲಿ ಮಾಡಿ ಕುಡಿದು ನೋಡು: 200 ಎಂಎಲ್ ನೀರಿಗೆ 28 ಗ್ರಾಂ ಬೆಲ್ಲ, ಒಂದು ಟೀ ಚಮಚ ನಿಂಬೆರಸ. ಅದು ನೈವೇದ್ಯದ ಪಾನಕ ಅಲ್ಲ, ಬೆಲ್ಲದ ಪರೀಕ್ಷೆ, ದೋಷ ಏನೂ ಇಲ್ಲ. ಸರಿ ಅನ್ನಿಸಿದ್ರೆ ಮರುದಿನ ಅದೇ ಲೆಕ್ಕವನ್ನ ತಕ್ಕಡೀಲಿ ತೂಗಿ ದೊಡ್ಡದು ಮಾಡು. ಕಪ್ ಲೆಕ್ಕ ಬೇಡವೇ ಬೇಡ. ಪುಡಿ ಬೆಲ್ಲ ಒಂದು ಕಪ್ಪಿಗೂ ತುರಿದ ಬೆಲ್ಲ ಒಂದು ಕಪ್ಪಿಗೂ ತೂಕದಲ್ಲಿ ಬಹಳ ವ್ಯತ್ಯಾಸ ಇರುತ್ತೆ.

ಈಗ ನಿನ್ನ ಫೋಟೋಗಳಿಗೆ ಬರ್ತೀನಿ. ಮೊದಲನೇದು, ನಿಂಬೆ ಹಳದಿ ಬಣ್ಣದ ಉಂಡೆ ಬೆಲ್ಲ. ನೋಡೋಕೆ ಚೆನ್ನಾಗಿದೆ, ಆದ್ರೆ ನಾನಾಗಿದ್ರೆ ತಗೊಳ್ಳಲ್ಲ. ಅಷ್ಟು ತಿಳಿ ಬಣ್ಣ ಬರಲಿ ಅಂತ ಎಷ್ಟೋ ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ಗಂಧಕದ ರಾಸಾಯನಿಕ ಹಾಕ್ತಾರೆ. ಅಡುಗೇಲಿ ಅದು ಗೊತ್ತಾಗಲ್ಲ, ಬರೀ ನೀರಲ್ಲಿ ಕರಗಿಸಿದಾಗ ಗಂಧಕದ ವಾಸನೆ ಮೂಗಿಗೆ ಬರುತ್ತೆ. ಎರಡನೇದು ಪುಡಿ ಬೆಲ್ಲ. ಪ್ಯಾಕೆಟ್ ಹಿಂದೆ ಪದಾರ್ಥ ಅಂತ ಬರೆದಿರೋ ಕಡೆ ನೋಡು, ಕಬ್ಬಿನ ರಸ ಅಥವಾ ಬೆಲ್ಲ ಅಂತ ಒಂದೇ ಇದ್ರೆ ತಗೋ, ಸಕ್ಕರೆ ಅಂತ ಜೊತೆಗೆ ಇದ್ರೆ ಬಿಡು. ಮೂರನೇದು ಇಟ್ಟಿಗೆ ಥರ ಇದೆಯಲ್ಲ, ಪನೆಲಾ, ನನ್ನ ಓಟು ಅದಕ್ಕೆ. ದಕ್ಷಿಣ ಅಮೆರಿಕದ ಅಂಗಡಿಗಳಲ್ಲಿ ಸಿಗೋ ಈ ಪನೆಲಾ ನಮ್ಮ ಬೆಲ್ಲವೇ, ಕಬ್ಬಿನ ರಸ ಕಾಯಿಸಿ ಅಚ್ಚಿಗೆ ಹುಯ್ದಿದ್ದು. ಕೊಲಂಬಿಯಾದಲ್ಲಿ ಅದನ್ನ ನೀರಲ್ಲಿ ಕರಗಿಸಿ ನಿಂಬೆ ಹಿಂಡಿ ಕುಡೀತಾರೆ, ಅಗ್ವಾಪನೆಲಾ ಅಂತ ಹೆಸರು. ಏಲಕ್ಕಿ ಶುಂಠಿ ಹಾಕಿದ್ರೆ ಪಾನಕವೇ ಆಯ್ತು.

ಇನ್ನೊಂದು ಎಚ್ಚರಿಕೆ, ಜರ್ಮನಿಯವರಿಗೆ. ಸಾವಯವ ಅಂಗಡೀಲಿ ಫೋಲ್‌ರೋರ್‌ತ್ಸುಕರ್ ಅಂತ ಸಿಗುತ್ತೆ, ಅದು ಕಬ್ಬಿನ ರಸ ಪೂರ್ತಿ ಇಂಗಿಸಿದ ಪುಡಿ, ಪಾನಕಕ್ಕೆ ನಡೆಯುತ್ತೆ. ಪಕ್ಕದಲ್ಲೇ ರೋರೋರ್‌ತ್ಸುಕರ್ ಅಂತ ಇರುತ್ತೆ, ಹೆಸರು ಹತ್ತಿರ ಹತ್ತಿರ, ಆದ್ರೆ ಅದು ಹೊಂಬಣ್ಣದ ಸಕ್ಕರೆ ಅಷ್ಟೇ. ಅದರಲ್ಲಿ ಮಾಡಿದ್ರೆ ಶರಬತ್ತಾಗುತ್ತೆ, ಪಾನಕ ಆಗಲ್ಲ. ಹ್ಯೂಸ್ಟನ್ ಕಡೆಯವರಿಗೆ ಮೆಕ್ಸಿಕನ್ ಅಂಗಡೀಲಿ ಶಂಖುವಿನಾಕಾರದ ಪಿಲೋನ್ಸಿಲ್ಲೊ ಸಿಗುತ್ತೆ, ಜಪಾನಿನವರಿಗೆ ಒಕಿನಾವಾದ ಕೊಕುಟೊ. ಕೊಕುಟೊ ಸ್ವಲ್ಪ ಗಾಢ, ಹತ್ತರಲ್ಲಿ ಒಂದು ಪಾಲು ಕಮ್ಮಿ ಹಾಕಿ. ಸಿಂಗಾಪುರದವರು ಗುಲಾ ಮೆಲಾಕಾ ಹಾಕೋಕೆ ಹೋಗ್ಬೇಡಿ, ಅದು ತೆಂಗಿನ ಹೊಂಬಾಳೆಯಿಂದ ಇಳಿಸೋ ನೀರಾ ಕಾಯಿಸಿ ಮಾಡಿದ ಬೆಲ್ಲ, ಪರಿಮಳವೇ ಬೇರೆ. ನಿಮ್ಮಲ್ಲಿ ಲಿಟ್ಲ್ ಇಂಡಿಯಾ ಇರೋವಾಗ ಆ ಕಷ್ಟ ಯಾಕೆ?

ಬೆಲ್ಲ ಒಡೆದು ನೋಡು. ಒಳಗೆ ಹರಳು ಹರಳಾಗಿ ಮಿನುಗಬೇಕು, ಬಣ್ಣ ಜೇನಿನಿಂದ ಕಂದಿನವರೆಗೆ ಏನಿದ್ರೂ ಸರಿ. ಒಂದು ಚೂರು ನಾಲಿಗೆ ಮೇಲಿಟ್ಟಾಗ ಕೊನೇಲಿ ಉಪ್ಪುಪ್ಪಾಗಿ ಬಂದ್ರೆ ಅದು ಚೌಳು ನೆಲದ ಕಬ್ಬು. ಅದನ್ನ ಸಾರು ಹುಳಿಗೆ ಇಟ್ಕೋ.

40 ಜನಕ್ಕೆ ಲೆಕ್ಕ ಬರೆದುಕೋ. ನೀರು 5 ಲೀಟರ್, ಬೆಲ್ಲ 700 ಗ್ರಾಂ. ನಿಂಬೆರಸ 130ರಿಂದ 150 ಎಂಎಲ್. ಒಣಶುಂಠಿ ಪುಡಿ ಎರಡೂವರೆ ಟೀ ಚಮಚ, ತಲೆ ತಟ್ಟಿ ಸಮ ಮಾಡಿದ್ದು. ಏಲಕ್ಕಿ 20, ಕಾಳುಮೆಣಸು 50 ಕಾಳು, ಉಪ್ಪು ಕಾಲು ಚಮಚ. ಇಷ್ಟಕ್ಕೆ ಹತ್ತಿರ ಹತ್ತಿರ ಐದೂವರೆ ಲೀಟರ್ ಪಾನಕ ಆಗುತ್ತೆ, ಸಣ್ಣ ಲೋಟಕ್ಕೆ 120 ಎಂಎಲ್‌ನಂತೆ 45 ಲೋಟ. ಎರಡನೇ ಲೋಟ ಕೇಳೋರು ಇದ್ದೇ ಇರ್ತಾರೆ, ಆದ್ದರಿಂದ 7 ಲೀಟರ್ ನೀರಿಗೆ ಏರಿಸಿ ಎಲ್ಲಾನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿದ್ರೂ ಒಳ್ಳೇದೇ.

ಮರಳಿನ ವಿಷಯ. ಬೆಲ್ಲದಲ್ಲಿ ಸಣ್ಣ ಮರಳು, ಕಬ್ಬಿನ ನಾರು ಇರೋದು ಸಹಜ. ಜಾಲರಿ ಸೋಸಣಿಗೆ ಸಾಲಲ್ಲ, ಮರಳು ಅದರ ಕಣ್ಣಲ್ಲಿ ಇಳಿದುಹೋಗುತ್ತೆ. 700 ಗ್ರಾಂ ಬೆಲ್ಲವನ್ನ 700 ಎಂಎಲ್ ಬಿಸಿನೀರಲ್ಲಿ ಕರಗಿಸು, ಕುದಿಸ್ಬೇಡ, ಕುದಿಸಿದ್ರೆ ಪಾಕದ ವಾಸನೆ ಬಂದುಬಿಡುತ್ತೆ. ಪನೆಲಾ ಕಲ್ಲಿನಂತೆ ಇರುತ್ತೆ, ತುರಿಯೋಕೆ ಹೋಗಿ ಕೈ ಕೊಯ್ಕೋಬೇಡ, ರಾತ್ರೀನೇ ನೀರಲ್ಲಿ ಹಾಕಿಟ್ರೆ ಬೆಳಗ್ಗೆ ಹೊತ್ತಿಗೆ ತಾನೇ ಕರಗಿರುತ್ತೆ. ಕರಗಿದ ಮೇಲೆ ಒದ್ದೆ ಮಾಡಿದ ತೆಳು ಪಂಚೆ ಬಟ್ಟೇಲಿ ಸೋಸು, ಹತ್ತು ನಿಮಿಷ ಅಲುಗಾಡಿಸದೆ ಬಿಡು, ಮೆಲ್ಲಗೆ ಬಗ್ಗಿಸು, ತಳದ ಎರಡು ಚಮಚ ಚೆಲ್ಲಿಬಿಡು. ಆ ಎರಡು ಚಮಚದ ಆಸೇಲೇ ಹೋದ ವರ್ಷ ಎಲ್ಲರ ಹಲ್ಲಿಗೆ ಮರಳು ಸಿಕ್ಕಿದ್ದು. ಮಿಕ್ಕ 4 ಲೀಟರ್ 300 ಎಂಎಲ್ ತಣ್ಣೀರು ಆಮೇಲೆ ಸೇರಿಸು.

ಕಹಿ ಬಂದಿದ್ದು ನಿಂಬೆಯಿಂದಲೇ ಇರ್ಬೇಕು. ಅಲ್ಲಿಯ ದೊಡ್ಡ ಹಳದಿ ಹಣ್ಣಿನ ಸಿಪ್ಪೆ ದಪ್ಪ, ಬಿಳಿ ಭಾಗ ಜಾಸ್ತಿ. ಕೊನೇ ಹನಿವರೆಗೂ ತಿರುವಿ ಹಿಂಡಿದ್ರೆ ಆ ಬಿಳಿಯ ಕಹಿ ಇಳಿಯುತ್ತೆ. ಬೀಜ ರಸದಲ್ಲಿ ನೆನೆದ್ರೂ ಅಷ್ಟೇ, ಹಿಂಡಿಟ್ಟ ರಸ ಗಂಟೆಗಟ್ಟಲೆ ನಿಂತ್ರೂ ಅಷ್ಟೇ. ಹಿಂದಿನ ರಾತ್ರೀನೇ ನಿಂಬೆ ಹಿಂಡಿ ಬೆರೆಸಿಟ್ಟಿದ್ದೆ ಅಂದ್ಯಲ್ಲ, ಮೂರೂ ಒಟ್ಟಿಗೆ ಆಗಿದೆ. ಈ ಸಲ ನೈವೇದ್ಯಕ್ಕೆ ಅರ್ಧ ಗಂಟೆ ಮುಂಚೆ ಹಿಂಡು, ಸೋಸು, ತಣ್ಣಗಿರೋ ಪಾನಕಕ್ಕೆ ಸೇರಿಸು. ಅಲ್ಲಿಯ ಹಣ್ಣು ಒಂದರಲ್ಲಿ 40 ಎಂಎಲ್ ಮೇಲೆಯೇ ರಸ ಬರುತ್ತೆ, ಊರಿನ ಲೆಕ್ಕದಲ್ಲಿ ಹತ್ತು ಹಣ್ಣು ಹಿಂಡಿದ್ರೆ ಹುಳಿ ಮುಗಿಲಿಗೆ ಹೋಗುತ್ತೆ. ನಾಲ್ಕು ಸಾಕು. ಪರಿಮಳ ನಮ್ಮ ನಿಂಬೆಯದೇ ಬೇಕು ಅಂದ್ರೆ ಅರ್ಧ ಲಿಮೆಟ್ಟೆ (ಅಲ್ಲಿ ಸಿಗೋ ಹಸಿರು ನಿಂಬೆ) ರಸ, ಅರ್ಧ ಹಳದಿ ಹಣ್ಣಿನ ರಸ ಮಾಡು.

ಏಲಕ್ಕಿ ಸಿಪ್ಪೆ ಸಮೇತ ಪುಡಿ ಮಾಡಬೇಡ, ಬರೀ ಕಾಳು ತೆಗೆದು ಒಂದು ಚಮಚ ಸಕ್ಕರೆ ಜೊತೆ ಕುಟ್ಟು. ಸ್ವೀಡನ್‌ನಲ್ಲಿರೋರಿಗೆ ಈ ಕೆಲಸವೇ ಇಲ್ಲ, ಅಲ್ಲಿ ಬನ್ನಿಗೆ ಹಾಕ್ತಾರೆ ಅಂತ ಸಾಧಾರಣ ಅಂಗಡೀಲೇ ಏಲಕ್ಕಿ ಕಾಳು ಬಿಡಿಸಿದ್ದು ಸಿಗುತ್ತೆ. ಮೆಣಸನ್ನ ಮಿಕ್ಸಿಗೆ ಹಾಕ್ಬೇಡ. ನುಣ್ಣಗಾದ್ರೆ ಗಂಟಲಿಗೆ ಹತ್ತಿ ಮಕ್ಕಳು ಕೆಮ್ಮುತ್ತವೆ. ಕುಟ್ಟಾಣಿಯಲ್ಲಿ ಒಂದು ಕಾಳು ನಾಲ್ಕು ಚೂರಾಗೋ ಹಾಗೆ ಜಜ್ಜು, ಕರಿ ಸಿಪ್ಪೆಯ ಚೂರು ಪಾನಕದ ಮೇಲೆ ತೇಲ್ತಾ ಇರ್ಬೇಕು, ಕುಡಿಯೋವಾಗ ತುಟಿಗೆ ತಾಗಿ ಆಮೇಲೆ ನಿಧಾನಕ್ಕೆ ಖಾರ ಬರ್ಬೇಕು. ಶುಂಠಿ ಪುಡಿ ನೇರ ಸುರಿದ್ರೆ ಗಂಟು ಕಟ್ಟುತ್ತೆ, ಎರಡು ಸೌಟು ಬೆಲ್ಲದ ನೀರಲ್ಲಿ ಕಲಸಿ ಆಮೇಲೆ ಹುಯ್ಯಿ. ಹಸಿಶುಂಠಿ ಹಾಕಿದ್ರೆ ಇನ್ನೊಂದು ರುಚಿ, ರಾಮನವಮಿ ಪಾನಕದ ಆ ಘಮ ಒಣಶುಂಠೀದು.

ಪಚ್ಚಕರ್ಪೂರ ಸಿಗ್ತಿಲ್ಲ, ಆರತಿ ಕರ್ಪೂರ ಒಂದು ಚಿಟಿಕೆ ಹಾಕ್ಲಾ ಅಂತ ಕೆಳಗೆ ಕೇಳಿದೀಯಲ್ಲ. ಬೇಡ, ಖಂಡಿತ ಬೇಡ. ಆರತಿ ಕರ್ಪೂರ ತಿನ್ನೋದಲ್ಲ, ಚಿಕ್ಕ ಮಕ್ಕಳ ಹೊಟ್ಟೆಗೆ ಹೋದ್ರೆ ಫಿಟ್ಸ್ ಬರುತ್ತೆ. ಬದಲಿಗೆ ತುಳಸಿ ನಾಲ್ಕು ದಳ ಹಾಕು. ಗಿಡ ಇಲ್ಲದಿದ್ರೆ ಥಾಯ್ ಅಂಗಡೀಲಿ ಕ್ರಪಾವ್ ಅಂತ ಕೇಳು, ಅದು ತುಳಸಿ ಜಾತಿಯೇ. ಥಾಯ್ ಬೇಸಿಲ್ ಅಂತ ಕೊಟ್ರೆ ತಗೋಬೇಡ, ಅದು ಸೋಂಪಿನ ವಾಸನೆಯ ಬೇರೆ ಗಿಡ.

ಪಾತ್ರೆ ಸ್ಟೀಲೇ ಇರಲಿ. ಅಜ್ಜಿ ಕೊಟ್ಟ ಹಿತ್ತಾಳೆ ತಪ್ಪಲೆ ಚೆಂದ, ಆದ್ರೆ ಕಲಾಯಿ ಹೋಗಿದ್ರೆ ನಿಂಬೆಹುಳಿಗೆ ಕಿಲುಬು ಬಿಡುತ್ತೆ. ಐಸ್ ಬೇಡ, ಅಲ್ಲಿ ಆಗಿನ್ನೂ ಚಳಿ, ತಣ್ಣಗಾದಷ್ಟೂ ಸಿಹಿ ನಾಲಿಗೆಗೆ ಕಮ್ಮಿ ಅನ್ಸುತ್ತೆ. ಹಂಚೋವಾಗ ಪ್ರತಿ ಲೋಟಕ್ಕೂ ಸೌಟು ತಳದಿಂದ ತಿರುವಿ ಹುಯ್ಯೋಕೆ ಒಬ್ಬರನ್ನ ನಿಲ್ಲಿಸು. ಬೆಂಗಳೂರಲ್ಲಿ ಪೆಂಡಾಲ್ ಹಾಕಿ ಡ್ರಮ್ಮಿನಿಂದ ಹಂಚೋರೂ ಹಾಗೇ ತಿರುವ್ತಾನೇ ಇರ್ತಾರೆ. ಇಲ್ದಿದ್ರೆ ಮೊದಲಿನವರಿಗೆ ಸಿಹಿನೀರು, ಕೊನೆಯವರಿಗೆ ಶುಂಠಿ ಗಷ್ಟು.

ಟೊರೊಂಟೊದಿಂದ ಬೇಲದ ಹಣ್ಣಿನ ಪಾನಕ ಕೇಳಿದ್ರಲ್ಲ, ಶ್ರೀಲಂಕಾದವರ ಅಂಗಡೀಲಿ ದಿವುಲ್ ಅಂತ ಫ್ರೋಜನ್ ತಿರುಳು ಹುಡುಕಿ. ಬೆಲಿ ಅಂತ ಇದ್ರೆ ಅದು ಬಿಲ್ವ. 250 ಗ್ರಾಂ ತಿರುಳಿಗೆ 200 ಗ್ರಾಂ ಬೆಲ್ಲ, ಒಂದು ಲೀಟರ್ ನೀರು, ಏಲಕ್ಕಿ. ನಿಂಬೆ ಬೇಡ, ಹಣ್ಣಲ್ಲೇ ಹುಳಿ ಇದೆ.

ಸೋಸಿದ ಬೆಲ್ಲದ ನೀರು ಹಿಂದಿನ ದಿನವೇ ಮಾಡಿ ಫ್ರಿಜ್ಜಲ್ಲಿಡಬಹುದು, ಬೆಳಗ್ಗೆ ಹೊರಗಿಟ್ಟು ಚಳಿ ಬಿಡಿಸು. ನಿಂಬೆ ಸೇರಿದ ಮೇಲೆ ಅವತ್ತೇ ಮುಗಿಸು. ಪನೆಲಾ ತಂದ ಮೇಲೆ ಒಂದು ಅಚ್ಚು ಒಡೆದು ಒಳಗಿನ ಫೋಟೋ ಹಾಕು, ನೋಡಿ ಹೇಳ್ತೀನಿ.